ಕಾಲ್ಗುಣವೂ ಕೇಬಲ್ಲೂ

ಶಿಷ್ಯ ಕೇಳಿದ: "ಗುರುಗಳೇ, ಹೋದ ಬೇಸಿಗೆಯಲ್ಲಿ ನಾನು ಮಠಕ್ಕೆ ಬಂದ ವಾರವೇ ಕೊಳವೆಬಾವಿ ಬತ್ತಿತು. ಊರವರು ನನ್ನನ್ನು ಶನಿ ಎಂದರು. ಈಗ ಮಳೆಯಾಗಿ ನೀರು ಬಂದಿದೆ. ಅದೇ ಜನ, ಇವನ ಪುಣ್ಯದಿಂದ ಬಂತು ಎನ್ನುತ್ತಿದ್ದಾರೆ. ನಾಳೆ ಸಭೆ ಸೇರಿಸಿ ಶಾಲು ಹೊದಿಸುತ್ತಾರಂತೆ. ಹೊದ್ದುಕೊಳ್ಳಲೇ?"

"ನೀರು ನಿನ್ನಿಂದ ಬಂತೇ?" ಎಂದರು ಗುರು.

"ಇಲ್ಲ."

"ಬತ್ತಿದ್ದು?"

"ಅದೂ ನನ್ನಿಂದಲ್ಲ. ಆದರೆ ಬೈಗುಳ ತಿಂದವನು ನಾನು. ಹೊಗಳಿಕೆಯೂ ನನಗೇ ಸಿಗಲಿ ಎನ್ನಿಸುತ್ತದೆ."

"ಕುಳಿತುಕೊ" ಎಂದು ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಭಕ್ತ. ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೆ, ಸ್ಕೂಟರಿಗೆ, ಮನೆಯ ಮಿಕ್ಸರಿಗೆ, ಗ್ರೈಂಡರಿಗೆ ತಾನೇ ಕೈಯಾರೆ ಗಂಧ ಕುಂಕುಮ ಹಚ್ಚುತ್ತಿದ್ದ. ಆ ವರ್ಷ ಮನೆಗೆ ದೊಡ್ಡ ಟಿವಿ ಬಂದಿತ್ತು. ಅದಕ್ಕೆ ಎಲ್ಲಿ ಹಚ್ಚಬೇಕೆಂದು ವ್ಯಾಪಾರಿ ಯೋಚಿಸಿದ. ಮುಂದಿನ ಗಾಜು ಬರೀ ಮುಖ, ಕೆಲಸ ನಡೆಯುವುದು ಹಿಂದೆ ಎಂದು ಅವನಿಗೆ ತೋರಿತು. ತೋರಿದ್ದು ಸರಿಯೇ. ಟಿವಿಯ ಬೆನ್ನಿನಲ್ಲಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವ ಎರಡು ಕಿಂಡಿಗಳಿದ್ದವು. ಒಂದರಲ್ಲಿ ಸೆಟ್‌ ಟಾಪ್‌ ಬಾಕ್ಸಿನಿಂದ ಬಂದ ಕೇಬಲ್ ಇತ್ತು. ಅವನು ಕೇಬಲ್ ಕಿತ್ತು, ಗಂಧದಲ್ಲಿ ಕಲಸಿದ ಕುಂಕುಮವನ್ನು ಕಿರುಬೆರಳಿನಿಂದ ಕಿಂಡಿಯೊಳಗೆ ಹಚ್ಚಿ, ಕೇಬಲನ್ನು ಮತ್ತೆ ಸಿಕ್ಕಿಸಿದ. ಖಾಲಿ ಇದ್ದ ಎರಡನೆಯ ಕಿಂಡಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ್ದು ಆಯುಧವಲ್ಲ. ಅದಕ್ಕೆ ಪೂಜೆಯೂ ಇಲ್ಲ.

ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದು. ಆದ್ದರಿಂದ ಟಿವಿಯನ್ನು ಯಾರೂ ಹಾಕಲಿಲ್ಲ.

ಮರುದಿನ ವಿಜಯದಶಮಿ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಮುಹೂರ್ತ. ನೆಂಟರು ದಸರಾ ಮೆರವಣಿಗೆ ನೋಡಲು ಪಡಸಾಲೆಯಲ್ಲಿ ಟಿವಿಯ ಮುಂದೆ ಕುಳಿತಿದ್ದರು. ಸೊಸೆ ಹೊಸಿಲಿನ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದಳು. ಅದೇ ಹೊತ್ತಿಗೆ ಅವಳ ಗಂಡ ರಿಮೋಟ್ ಒತ್ತಿದ. ಪರದೆಯ ಮೇಲೆ ಆನೆ ಬರಲಿಲ್ಲ. ಸಿಗ್ನಲ್ ಇಲ್ಲ ಎಂಬ ಅಕ್ಷರ ಬಂತು.

ಎಲ್ಲರೂ ಸೊಸೆಯ ಕಾಲನ್ನು ನೋಡಿದರು.

ಮೊದಲು ಕೇಬಲ್ ಬದಲಿಸಿದರು. ಟಿವಿ ಅಂಗಡಿಯವನು ಬಟ್ಟೆಯ ಹೊದಿಕೆ ಇರುವ ಕೇಬಲ್ ಕೊಟ್ಟ. ಬರಲಿಲ್ಲ. ಬೆರಳು ದಪ್ಪದ ಕೇಬಲ್ ಕೊಟ್ಟ. ಬರಲಿಲ್ಲ. ತುದಿಗೆ ಚಿನ್ನದ ಲೇಪವಿರುವ ಕೇಬಲ್ ಕೊಟ್ಟು, ಇದರಲ್ಲಿ ಚಿತ್ರ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬರುತ್ತದೆ ಎಂದ. ಅದರಲ್ಲೂ ಬರಲಿಲ್ಲ. ಅತ್ತೆ ಆ ತುದಿಯನ್ನು ಅಕ್ಕಸಾಲಿಗನಿಗೆ ತೋರಿಸಿದಳು. ಅವನು ನಕ್ಕು ಹಿಂದಕ್ಕೆ ಕೊಟ್ಟ. ಟಿವಿಯನ್ನು ಪೂರ್ವದ ಗೋಡೆಯಿಂದ ಉತ್ತರದ ಗೋಡೆಗೆ ಸರಿಸಿದರು. ಬಾಕ್ಸಿನ ಮೇಲೆ ನಿಂಬೆಹಣ್ಣು ಇಟ್ಟರು. ಕಿಂಡಿಯೊಳಗೆ ನೋಡಿದವರು ಯಾರೂ ಇಲ್ಲ. ನೋಡಿದರೂ ಪೂಜೆಯ ಕುಂಕುಮ ಒರೆಸುವಂತಿರಲಿಲ್ಲ.

ಕಡೆಗೆ ಗಂಡ ಅಟ್ಟದಿಂದ ಹಳೆಯ ಕೇಬಲ್ ತಂದ. ಮೂರು ತುದಿಗಳದು: ಕೆಂಪು, ಬಿಳಿ, ಹಳದಿ. ಹೊಸ ಟಿವಿಯಲ್ಲಿ ಕೆಂಪಿಗೆ ಕೆಂಪು ಕಿಂಡಿ ಇತ್ತು, ಬಿಳಿಗೆ ಬಿಳಿ ಇತ್ತು, ಹಳದಿಗೆ ಹಳದಿ ಇರಲಿಲ್ಲ. ಅವನು ಹಳದಿಯನ್ನು ಹಸಿರು ಕಿಂಡಿಗೆ ಸಿಕ್ಕಿಸಿದ. ಅಲ್ಲಿಗೆ ಬೇರೆ ಕೇಬಲ್ ಬೇಕು, ಇಲ್ಲವೇ ರಿಮೋಟಿನಲ್ಲಿ ಬೇರೆ ಆಯ್ಕೆ ಒತ್ತಬೇಕು. ಅವನು ಎರಡನ್ನೂ ಮಾಡಲಿಲ್ಲ. ಚಿತ್ರ ಬಂತು. ಬಣ್ಣ ಬರಲಿಲ್ಲ.

ಅತ್ತೆ ಎದೆ ಮುಟ್ಟಿಕೊಂಡಳು. "ಮನೆಯ ಬಣ್ಣವೇ ಹೋಯಿತಲ್ಲ. ನನ್ನ ಮಗನಿಗೆ ಏನು ಕಾದಿದೆಯೋ."

ಅಲ್ಲಿಯವರೆಗೆ ಕಣ್ಣಿನಲ್ಲಿದ್ದ ಮಾತು ಬಾಯಿಗೆ ಬಂತು. ಪುರೋಹಿತರನ್ನು ಕೇಳಿದರು. ಯುಗಾದಿಯವರೆಗೆ ಸೊಸೆಯನ್ನು ತವರಿನಲ್ಲಿ ಇಡಿ, ಆಮೇಲೆ ನೋಡೋಣ ಎಂದರು ಅವರು. ಆಮೇಲೆ ನೋಡೋಣ ಎಂದು ಕಳಿಸಿದ ಸೊಸೆಯರು ಆ ಬೀದಿಯಲ್ಲಿ ಮರಳಿ ಬಂದದ್ದಿಲ್ಲ. ಅದು ಸೊಸೆಗೂ ಗೊತ್ತಿತ್ತು.

ಹೊರಡುವ ಬೆಳಿಗ್ಗೆ ಅವಳ ಚೀಲ ಬಾಗಿಲಲ್ಲಿತ್ತು. ಗಂಡ ರಿಮೋಟ್ ಹಿಡಿದು ಕುಳಿತಿದ್ದ.

"ರೀ, ನೀವೇನಾದರೂ ಹೇಳುತ್ತೀರಾ?" ಎಂದಳು.

ಅವನು ಪರದೆ ನೋಡಿದ. ಪರದೆಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ.

ಅವಳು ಮಾವನ ಕಡೆ ತಿರುಗಿದಳು. "ಮಾವನವರೇ, ಹೋಗುತ್ತೇನೆ. ಒಂದು ಷರತ್ತು. ಆ ಹಳೆಯ ಕೇಬಲ್ ತೆಗೆದು ಹೊಸದನ್ನು ಸಿಕ್ಕಿಸಿ. ನಾನು ಹೊಸಿಲು ದಾಟುತ್ತೇನೆ. ಚಿತ್ರ ಬಂದರೆ ಬಸ್ಸು ಹತ್ತುತ್ತೇನೆ. ಬರದಿದ್ದರೆ ಒಳಗೆ ಬಂದು ನಾನೇ ಹುಡುಕುತ್ತೇನೆ. ಯಾರೂ ಅಡ್ಡ ಬರಬಾರದು."

ವ್ಯಾಪಾರಿಗೆ ಷರತ್ತು ನ್ಯಾಯವಾಗಿ ಕಂಡಿತು. ವ್ಯಾಪಾರಿಯಲ್ಲವೇ. ಹಾಗೇ ಮಾಡಿಸಿದ.

ಅವಳು ಬೀದಿ ದಾಟಿ ಹಿಟ್ಟಿನ ಗಿರಣಿಯ ಮುಂದೆ ನಿಂತಳು. ಚಿತ್ರ ಬರಲಿಲ್ಲ.

ಅತ್ತೆ ಕಿಟಕಿಯಿಂದ ಕೈ ಬೀಸಿದಳು. "ಇನ್ನೂ ಸ್ವಲ್ಪ ಆಚೆ ಹೋಗು."

ಅವಳು ಬೀದಿಯ ತಿರುವಿನವರೆಗೆ ಹೋದಳು. ಬರಲಿಲ್ಲ.

"ಇನ್ನೂ ಸ್ವಲ್ಪ."

"ನನ್ನ ಕಾಲೇನು ಟವರೇ ಅತ್ತೆ, ದೂರವಾದಷ್ಟೂ ದೋಷದ ಸಿಗ್ನಲ್ ಕಡಿಮೆಯಾಗಲಿಕ್ಕೆ?" ಎಂದಳು ಅವಳು, ಬೀದಿಗೆಲ್ಲ ಕೇಳಿಸುವಂತೆ. ಗಿರಣಿಯಲ್ಲಿ ಸಾಲು ನಿಂತಿದ್ದ ಹೆಂಗಸರು ನಕ್ಕರು. ಅವಳು ತಿರುಗಿ ಬಂದು ಚೀಲವನ್ನು ಒಳಗಿಟ್ಟಳು.

ಅವಳಿಗೆ ಟಿವಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ. ಅವರು ತೋಚಿದ್ದನ್ನೆಲ್ಲ ಬದಲಿಸಿದ್ದರು, ಅವಳು ಲೆಕ್ಕವಿಟ್ಟು ಒಂದೊಂದಾಗಿ ಬದಲಿಸಬೇಕು.

"ಹಳೆಯ ಕೇಬಲಿನಲ್ಲಿ ಬಣ್ಣವಿಲ್ಲದಿದ್ದರೂ ಚಿತ್ರ ಬಂತು" ಎಂದಳು. "ಹಾಗಾದರೆ ಟಿವಿ ಸತ್ತಿಲ್ಲ, ಬಾಕ್ಸೂ ಸತ್ತಿಲ್ಲ. ಇನ್ನು ಉಳಿದದ್ದು ಬಾಕ್ಸಿನ ಕಿಂಡಿ, ಕೇಬಲ್, ಟಿವಿಯ ಕಿಂಡಿ."

ಚಿನ್ನದ ತುದಿಯ ಕೇಬಲನ್ನು ಟಿವಿಯಿಂದ ಕಿತ್ತಳು. ತುದಿಯನ್ನು ಸೆರಗಿನಿಂದ ಒರೆಸಿದಳು. ಸೆರಗು ಕೆಂಪಾಯಿತು. ಅವಳು ಅದನ್ನು ನೋಡಿಕೊಂಡಳು. ಕೇಬಲ್ ಮತ್ತು ಬಾಕ್ಸ್ ಎರಡನ್ನೂ ಪಕ್ಕದ ಮನೆಯ ದರ್ಜಿಯ ಟಿವಿಗೆ ಒಯ್ದು ಸಿಕ್ಕಿಸಿದಳು. ಚಿತ್ರ ಬಂತು, ಬಣ್ಣದ ಸಮೇತ. ಆಮೇಲೆ ದರ್ಜಿಯ ಹಳೇ ಸಾದಾ ಕೇಬಲ್ ಹಾಕಿ ನೋಡಿದಳು. ಅದೇ ಚಿತ್ರ, ಅದೇ ಬಣ್ಣ.

"ಚಿನ್ನ ಏನು ಮಾಡಿತು?" ಎಂದ ದರ್ಜಿ.

"ಅಂಗಡಿಯವನಿಗೆ ಒಳ್ಳೆಯದು ಮಾಡಿತು" ಎಂದಳು.

ಮನೆಗೆ ಬಂದು ಟಾರ್ಚು ಹಿಡಿದು ಟಿವಿಯ ಬೆನ್ನು ನೋಡಿದಳು. ಮೊದಲ ಕಿಂಡಿಯ ಬಾಯಿ ಕೆಂಪಾಗಿ ಗಟ್ಟಿಕಟ್ಟಿತ್ತು. ಎರಡನೆಯದು ಖಾಲಿಯಾಗಿತ್ತು, ಸ್ವಚ್ಛವಾಗಿತ್ತು. ಕೇಬಲನ್ನು ಎರಡನೆಯದಕ್ಕೆ ಸಿಕ್ಕಿಸಿ, ಗಂಡನ ಕೈಯಿಂದ ರಿಮೋಟ್ ತೆಗೆದುಕೊಂಡು, ಟಿವಿಗೆ ಎರಡನೆಯ ಕಿಂಡಿಯನ್ನು ನೋಡು ಎಂದು ಹೇಳುವ ಗುಂಡಿ ಒತ್ತಿದಳು. ಪರದೆಯಲ್ಲಿ ಯಾರೋ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಮೆಣಸಿನಕಾಯಿ ಕೆಂಪಾಗಿತ್ತು.

ಮನೆಯಲ್ಲಿ ಹಬ್ಬವಾಯಿತು. "ನಾನು ಹೇಳಲಿಲ್ಲವೇ" ಎಂದ ವ್ಯಾಪಾರಿ. ಅವನು ಹೇಳಿರಲಿಲ್ಲ. "ಲಕ್ಷ್ಮಿ ಬಂದಿದ್ದಾಳೆ. ಎಂಥ ಕಾಲ್ಗುಣ ನೋಡಿ, ಹೊರಗೆ ಹೋಗಿ ಬಂದದ್ದೇ ದೋಷ ಕಳೆಯಿತು." ಅತ್ತೆ ಆರತಿಯ ತಟ್ಟೆ ತಂದಳು. ತಟ್ಟೆಯಲ್ಲಿ ಕುಂಕುಮವಿತ್ತು. "ಬಾರಮ್ಮ, ದೃಷ್ಟಿ ತೆಗೆಯುತ್ತೇನೆ. ಯುಗಾದಿಯೂ ಬೇಡ, ತವರೂ ಬೇಡ. ನೀನು ಇಲ್ಲೇ ಇರು."

ಅವಳಿಗೆ ಬೇಕಾಗಿದ್ದದ್ದು ಅದೇ. ತಲೆ ಬಗ್ಗಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬಗ್ಗಿಸಲಿಲ್ಲ.

"ಆರತಿ ಬೇಡ ಅತ್ತೆ. ಟಿವಿ ಏಕೆ ಕೆಟ್ಟಿತ್ತು ಎಂದು ಹೇಳಿ, ಸಾಕು."

"ಈಗ ಅದೆಲ್ಲ ಏಕೆ? ಚಿತ್ರ ಬಂತಲ್ಲ."

"ಚಿತ್ರ ಟಿವಿಗೆ ಬಂತು. ನನಗೇನು ಬಂತು?"

"ಒಳ್ಳೆಯ ಹೆಸರು ಬಂತಲ್ಲಮ್ಮ" ಎಂದ ಮಾವ. ಅವನು ನಿಜವಾಗಿಯೂ ಸಂತೋಷವಾಗಿದ್ದ.

ಸೊಸೆ ಕೇಬಲನ್ನು ಎರಡನೆಯ ಕಿಂಡಿಯಿಂದ ಕಿತ್ತು ಮೊದಲನೆಯದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಒಗ್ಗರಣೆ ಮಾಯವಾಯಿತು.

"ಈಗ ನನ್ನ ಕಾಲು ಕೆಟ್ಟದಾಯಿತೇ?"

ಮತ್ತೆ ಎರಡನೆಯದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಬಂತು.

"ಈಗ ಒಳ್ಳೆಯದಾಯಿತೇ? ನಿಂತ ಜಾಗದಿಂದ ನಾನು ಕದಲಿಲ್ಲ." ಕೆಂಪಾದ ಸೆರಗನ್ನು ಮಾವನ ಮುಂದೆ ಹಿಡಿದಳು. "ಇದು ಕಿಂಡಿಯೊಳಗಿತ್ತು. ಹಚ್ಚಿದ ಬೆರಳು ಯಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಆಗ ಈ ಊರಲ್ಲೇ ಇರಲಿಲ್ಲ."

ಕೇಬಲನ್ನು ಕಿತ್ತು ಮೇಜಿನ ಮೇಲೆ ಇಟ್ಟಳು. "ಯಾವ ಕಿಂಡಿ ಎಂದು ನಿಮಗೂ ಗೊತ್ತಾಗಿದೆ. ಸಿಕ್ಕಿಸುವವರು ಸಿಕ್ಕಿಸಿ. ಆದರೆ ಏಕೆ ಕೆಟ್ಟಿತ್ತು ಎಂದು ಬಾಯಿಬಿಟ್ಟು ಹೇಳಿ ಸಿಕ್ಕಿಸಿ. ಹೇಳಲಾಗದಿದ್ದರೆ ನನ್ನ ಚೀಲ ಇನ್ನೂ ಬಿಚ್ಚಿಲ್ಲ. ಆಗ ನೀವು ಕಳಿಸಿದಿರಿ ಎಂದಾಗುವುದಿಲ್ಲ, ನಾನು ಹೋದೆ ಎಂದಾಗುತ್ತದೆ."

ಗುರು ಕತೆ ನಿಲ್ಲಿಸಿದರು.

"ಹೇಳಿದರೇ?" ಎಂದ ಶಿಷ್ಯ.

"ಸುಲಭವಾಗಿ ಹೇಳಲಿಲ್ಲ. ಕೇಬಲ್ ಮೇಜಿನ ಮೇಲೇ ಇತ್ತು, ಚೀಲ ಗೋಡೆಯ ಬದಿಗೇ ಇತ್ತು. ಎರಡನ್ನೂ ದಾಟಿಕೊಂಡು ಓಡಾಡಿದರು. ಅತ್ತೆ ಧಾರಾವಾಹಿ ನೋಡಲು ದರ್ಜಿಯ ಮನೆಗೆ ಹೋಗಿಬಂದಳು. ಅಲ್ಲಿ ದರ್ಜಿಯ ಹೆಂಡತಿ ದಿನಾ ಕಾಲ್ಗುಣದ ಮಾತೆತ್ತಿ ನಗುತ್ತಿದ್ದಳು. ದೀಪಾವಳಿಯ ಬೆಳಿಗ್ಗೆ ಮಾವ ಎಣ್ಣೆಸ್ನಾನ ಮಾಡಿ ಬಂದು, ಟಿವಿಯ ಕಡೆ ತಿರುಗಿ, 'ಕೆಟ್ಟದ್ದು ನನ್ನ ಬೆರಳಿನಿಂದ, ಇವಳಿಂದಲ್ಲ' ಎಂದ. ಸೊಸೆಯ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಟಿವಿಗಾದರೂ ಹೇಳಿದನಲ್ಲ. ಮನೆಯವರೆಲ್ಲ ಕೇಳಿಸಿಕೊಂಡರು. ಅವಳು ಚೀಲ ಬಿಚ್ಚಿದಳು. ಕೇಬಲ್ ಸಿಕ್ಕಿಸಿದವನು ಗಂಡ. ಮದುವೆಯಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಅದು."

ಶಿಷ್ಯ ಒಪ್ಪಲಿಲ್ಲ.

"ಆದರೂ ಗುರುಗಳೇ, ಆರತಿ ತೆಗೆಸಿಕೊಂಡಿದ್ದರೆ ಅವಳಿಗೇನು ನಷ್ಟವಾಗುತ್ತಿತ್ತು? ಆ ದಿನವೇ ಮನೆಯಲ್ಲಿ ಉಳಿಯುತ್ತಿದ್ದಳು. ಜಗಳವೂ ಇರುತ್ತಿರಲಿಲ್ಲ. ಈ ಶಾಲಿನ ವಿಷಯವೂ ಹಾಗೆಯೇ. ಜನ ಪ್ರೀತಿಯಿಂದ ಕೊಡುತ್ತಿದ್ದಾರೆ. ಸುಮ್ಮನೆ ಹೊದ್ದುಕೊಂಡರೆ ಯಾರಿಗೆ ಏನು ಹೋಗುತ್ತದೆ?"

"ಹೊದ್ದುಕೊ" ಎಂದರು ಗುರು. "ಮುಂದಿನ ಬೇಸಿಗೆಯವರೆಗೆ ಬೆಚ್ಚಗಿರುತ್ತದೆ."