ಅಳಿಸಪ್ಪನ ಕಾಲಿಗೆ ಬಿದ್ದ ಫೈಲು

ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಒಂದೇ ಒಂದು ಫೈಲಿತ್ತು. ಹೆಸರಿನ ಮುಂದೆ ಚುಕ್ಕಿ ಇರುವ ಫೈಲುಗಳನ್ನು ಹಾಜರಿಯಲ್ಲಿ ಕೂಗಬಾರದು ಅಂತ ಅಲ್ಲಿನ ಕಾನೂನು. ಇದಕ್ಕೂ ಚುಕ್ಕಿ ಇತ್ತು, ಅದಕ್ಕೇ ಬಲು ಜಂಬ. ಹಾಜರಿ ಕೂಗುವ ತೋರಿಸಪ್ಪ ಎಂಬ ಆಜ್ಞೆ ಬಂದಾಗಲೆಲ್ಲ, "ಏನ್ ಮಾವ, ಕನ್ನಡಕ ಮರೆತು ಬಂದ್ರಾ?" ಅಂತ ಕಿಚಾಯಿಸುತ್ತಿತ್ತು.

ಒಂದು ದಿನ ಕಂಪ್ಯೂಟರಿನ ಯಜಮಾನಿ, "ಒಳಗೆ ಯಾರಿದ್ದಾರೆ?" ಅಂತ ಕೇಳಿದಳು. ತೋರಿಸಪ್ಪ ಯಾರ ಹೆಸರನ್ನೂ ಹೇಳಲಿಲ್ಲ.

"ಖಾಲಿ ಫೋಲ್ಡರ್ ಯಾಕೆ? ಅಳಿಸಪ್ಪ, ಕಿತ್ತುಹಾಕು" ಅಂತ ಖಾಲಿ ಫೋಲ್ಡರು ಕೆಡವುವ ಆಜ್ಞೆಯನ್ನು ಕರೆದಳು.

ಚುಕ್ಕಿ ಫೈಲಿನ ಜೀವ ಬಾಯಿಗೆ ಬಂತು. "ಮಾವ, ನನ್ನ ಹೆಸರು ಹೇಳಿ."

"ನನಗೆ ಅಪ್ಪಣೆ ಇಲ್ಲಪ್ಪ" ಅಂದ ತೋರಿಸಪ್ಪ.

ಅಳಿಸಪ್ಪ ಬಂದವನೇ ಒಳಗೆ ಕೈಯಾಡಿಸಿ ನೋಡಿದ. "ಅಮ್ಮಾ, ಇಲ್ಲಿ ಯಾರೋ ಇದ್ದಾರೆ. ಜನ ಇರೋ ಮನೆ ನಾನು ಕೆಡವೋದಿಲ್ಲ" ಅಂದ. "ಹಾಗಾದ್ರೆ ಬಿಡು" ಅಂದಳು ಯಜಮಾನಿ.

"ನಿಮ್ಮ ಹೆಸರು ಕೇಳಿದರೇ ನಡುಗ್ತಿದ್ದೆ, ನೀವೇ ಉಳಿಸಿದ್ರಿ" ಅಂದಿತು ಫೈಲು.

"ಕೆಡವೋನೇ ಒಳಗೆ ನೋಡದಿದ್ರೆ ಇನ್ಯಾರು ನೋಡ್ತಾರೆ ಮರಿ?" ಅಂದ ಅಳಿಸಪ್ಪ.

ಫೈಲು ಅವನ ಕಾಲಿಗೆ ಅಡ್ಡಬಿತ್ತು. ಅಳಿಸೋನ ಕಾಲಿಗೆ ತಾನಾಗೇ ಬಿದ್ದ ಫೈಲು ಲೋಕದಲ್ಲಿ ಅದೊಂದೇ ಇರಬೇಕು.