ಒಂದು ಹಸು, ಒಂದು ಪ್ರೀಆಂಪು

ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚಿರಲೇಬೇಕು ಎಂದು ನಂಬಿದ್ದ ಶಿಷ್ಯನೊಬ್ಬನಿದ್ದ. ಹೆಸರು ಸಿದ್ದಮಲ್ಲ.

ಹೊಳೆ ದಂಡೆಯ ಆಶ್ರಮ. ಅಲ್ಲಿಯ ಗುರು ಮರಿದೇವರ ಹತ್ತಿರ ಒಂದು ಟೇಪಿತ್ತು. ತೀರಿಹೋದ ತಮ್ಮ ಗುರು ಹಾಡಿದ ಪದಗಳು ಅದರಲ್ಲಿದ್ದವು. ದಿನವೂ ಅದನ್ನು ಹಾಕಿ ಕೇಳಿಸುವುದು ಸಿದ್ದಮಲ್ಲನ ಕೆಲಸ. ಆ ಹಿರಿಯರನ್ನು ಅವನು ಕಣ್ಣಾರೆ ಕಂಡವನಲ್ಲ. ಅವನಿಗೆ ಸಿಕ್ಕಿದ್ದು ದನಿಯೊಂದೇ.

ಅದಕ್ಕೇ ಇರಬೇಕು, ಅವನಿಗೆ ಹೊಸ ಪ್ರೀಆಂಪಿನ ಹುಚ್ಚು ಹತ್ತಿತು. ಟೇಪಿನ ಸಣ್ಣ ದನಿಯನ್ನು ಹಿಡಿದು, ಹದಮಾಡಿ, ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ಆಶ್ರಮದ ಹಳೆಯದು ಕೆಟ್ಟಿರಲಿಲ್ಲ. ಆದರೂ ಪೇಟೆಯ ಅಂಗಡಿಯವನು, ನಾಲ್ಕು ದಿನ ಇಟ್ಟುಕೊಂಡು ಕೇಳಿ ನೋಡಿ ಎಂದು ದುಬಾರಿಯದೊಂದನ್ನು ಕೊಟ್ಟು ಕಳಿಸಿದ್ದ.

ಕೊಳ್ಳಬೇಕಾದರೆ ಇರುವ ಒಂದೇ ಹಸುವನ್ನು ಮಾರಬೇಕು. ಆ ಹಸುವಿನ ಮಜ್ಜಿಗೆ ನಂಬಿಕೊಂಡು, ಹೊಳೆಯಲ್ಲಿ ಮರಳು ಎತ್ತುವ ಕೂಲಿಗಳು ಮಧ್ಯಾಹ್ನ ದಂಡೆ ಹತ್ತಿ ಬರುತ್ತಿದ್ದರು.

ನಾಲ್ಕನೆಯ ದಿನ ಸಿದ್ದಮಲ್ಲ ಕರೆಸಿದ್ದ ದನದ ವ್ಯಾಪಾರಿ ಬಂದು ಹಸುವಿನ ಹಲ್ಲು ನೋಡತೊಡಗಿದ.

ಗುರುಗಳು ಶಿಷ್ಯನನ್ನು ಕರೆದು, ಹೊಸದರಲ್ಲಿ ಹೆಚ್ಚೇನಿದೆ ಎಂದು ಕೇಳಿದರು. ಹಾಡಿನ ನಡುವೆ ಹಿರಿಯರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ, ಎದುರಿಗೇ ಬಂದು ಕೂತ ಹಾಗಿರುತ್ತದೆ ಎಂದ ಸಿದ್ದಮಲ್ಲ.

"ಹಂಗಾದ್ರೆ ಬೆನ್ನು ಹಾಕಿ ಕೂತ್ಕೋ. ನಾನು ಬದಲಾಯಿಸ್ತೀನಿ, ನೀನು ಗುರುತಿಸು."

ಎರಡು ಪೆಟ್ಟಿಗೆಗಳ ನಡುವೆ ಸಿದ್ದಮಲ್ಲನೇ ಒಂದು ಸ್ವಿಚ್ಚು ಜೋಡಿಸಿದ್ದ. ಅವನು ಹೊಳೆಯ ಕಡೆ ಮುಖಮಾಡಿ ಕೂತ. ಟೇಪು ಒಂದು ನುಡಿ ಹಾಡಿತು. ನಿಂತಿತು. ಅದೇ ನುಡಿ ಮತ್ತೆ ಹಾಡಿತು.

"ಇದೇ ಬುದ್ಧಿ, ಇದೇ ಹೊಸದು. ಮೊದಲಿಂದು ಸಪ್ಪೆ."

"ತಿರುಗಿ ನೋಡು."

ಎರಡು ಸಲವೂ ಹಾಡಿದ್ದು ಹಳೆಯದೇ. ಎರಡನೆಯ ಸಲ ಗುರುಗಳು ವಾಲ್ಯೂಮನ್ನು ಎಳ್ಳಿನಷ್ಟು ಏರಿಸಿದ್ದರು.

ಸಿದ್ದಮಲ್ಲ ತಲೆ ತಗ್ಗಿಸಿದ. ಅಂಗಡಿಯವನೂ ಹೀಗೇ ಮಾಡಿರಬೇಕು ಎಂದು ಗೊಣಗಿದ.

"ಅವನ್ನ ಯಾಕೆ ಬೈತೀಯ? ತಿರುಗಿಸಿದೋನು ನಾನು, ಮರುಳಾದೋನು ನೀನು."

ಸಿದ್ದಮಲ್ಲನಿಗೆ ನಾಚಿಕೆಗಿಂತ ಕುತೂಹಲ ದೊಡ್ಡದು. ಈ ಸಲ ಮೋಸವಿಲ್ಲದೆ ಆಗಲಿ ಎಂದು ಬೇಡಿಕೊಂಡ. ಗುರುಗಳು ಖುಷಿಯಿಂದಲೇ ಒಪ್ಪಿದರು. ಅವನು ಮೀಟರು ಹಿಡಿದು ಎರಡರ ದನಿಯನ್ನೂ ಸರಿಸಮ ಮಾಡಿದ. ಮತ್ತೆ ಬೆನ್ನು ಹಾಕಿ ಕೂತ. ಹತ್ತು ಸಲ ಕೇಳಿದ. ಪ್ರತಿ ಸಲವೂ ಕಣ್ಣು ಮುಚ್ಚಿ, ತುಂಬ ಹೊತ್ತು ತಡೆದು ಉತ್ತರ ಹೇಳಿದ.

ಒಂಬತ್ತು ಉತ್ತರ ಸರಿಯಾಗಿದ್ದವು.

"ವ್ಯತ್ಯಾಸ ಇದೆ ಬುದ್ಧಿ. ಕೂದಲೆಳೆಯಷ್ಟು. ಆದ್ರೆ ಇದೆ."

"ಇದೆ ಕಣಯ್ಯ. ಒಪ್ಕೊಂಡೆ."

"ಹಂಗಾದ್ರೆ ಅಷ್ಟು ಬೆಲೆ ಕೊಡಬಹುದಲ್ವಾ?"

ಹೊತ್ತು ನೆತ್ತಿಗೆ ಬಂದಿತ್ತು. ಮರಳಿನವರು ಬುಟ್ಟಿಗಳನ್ನು ಕೆಳಗಿಟ್ಟು, ಬೆವರು ಒರೆಸಿಕೊಳ್ಳುತ್ತಾ ದಂಡೆ ಹತ್ತುತ್ತಿದ್ದರು. ಗುರುಗಳು ಅವರ ಕಡೆ ಕೈ ತೋರಿಸಿದರು.

"ಇವತ್ತು ಅವರಿಗೆ ಮಜ್ಜಿಗೆ ಕೊಡಬೇಡ. ಕೂರಿಸಿ ಆ ಕೂದಲೆಳೆ ಕೇಳಿಸು. ಎಷ್ಟು ಜನರ ದಾಹ ತೀರಿತು ಅಂತ ಬಂದು ಹೇಳು. ಹಸುವಿನ ಹಗ್ಗ ಆಮೇಲೆ ಬಿಚ್ಚೋಣ."