ಗೋಣಿಚೀಲದ ಬೆಕ್ಕು, ಸೋಮಿಯ ಬಾಲ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೆರೆ, ಕೆರೆಯ ದಡದಲ್ಲಿ ಒಂದು ಹುಣಸೆ ತೋಪು. ಆ ತೋಪಿನ ತುಂಬ ಕಪ್ಪು ಮೂತಿಯ, ಉದ್ದ ಬಾಲದ ಮುಸುವ ಕೋತಿಗಳ ಸಂಸಾರ. ಅವರಿಗೆಲ್ಲ ಯಜಮಾನ ಗಡವಜ್ಜ. ಅವನು ಒಮ್ಮೆ ಕೆಮ್ಮಿದರೆ ಸಾಕು, ಎಲ್ಲರೂ ಕೊಂಬೆಯಿಂದ ಇಳಿದು ಸಾಲಾಗಿ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಸೋಮಿ ಎಂಬ ಹರೆಯದ ಮುಸುವ ನೀರು ಕುಡಿಯಲು ಹೋದಾಗ ದಡದ ಹತ್ತಿರ ಗೋಣಿಚೀಲವೊಂದು ತೇಲುತ್ತಿತ್ತು. ನೋಡುತ್ತಿದ್ದಂತೆ ಚೀಲ ಮಿಸುಕಾಡಿತು. ಸೋಮಿ ಅದನ್ನು ಎಳೆದು ತಂದು, ಹಲ್ಲಿನಿಂದ ಗಂಟು ಬಿಚ್ಚಿದಳು. ಒಳಗೆ ಬೂದು ಬಣ್ಣದ ಬೆಕ್ಕು! ಯಾವ ಪುಣ್ಯಾತ್ಮರು ಕಟ್ಟಿ ಎಸೆದಿದ್ದರೋ, ಅವರ ಕೈಗೆ ಏನು ಹೇಳೋಣ! ಬೆಕ್ಕು ಸೋಮಿಯ ಮುಖವನ್ನೂ ನೋಡದೆ ಓಡಿಹೋಗಿ ಹುಣಸೆಮರದ ಪೊಟರೆ ಹೊಕ್ಕಿತು. ಸೋಮಿ ಅದಕ್ಕೆ ಬೂದಿ ಎಂದು ಹೆಸರಿಟ್ಟಳು.

ಮುಸುವಗಳಲ್ಲಿ ಒಂದು ಪದ್ಧತಿಯಿತ್ತು. ಹೊಸಬರು ಬಂದರೆ ಎಲ್ಲರ ನಡುವೆ ಕೂರಬೇಕು, ಸುತ್ತ ಕೂತವರು ಅವರ ಮೈಯ ಹೇನು ಹೆಕ್ಕಬೇಕು. ಹೆಕ್ಕಿಸಿಕೊಂಡವರು ನಮ್ಮವರು, ಒಲ್ಲೆ ಎಂದವರಿಗೆ ತೋಪಿನಲ್ಲಿ ಜಾಗವಿಲ್ಲ. ತೋಪಿನ ಆಚೆ ಕೆರೆ ಏರಿಯ ಮೇಲೆ ನರಿಯೊಂದು ಬಾಯಿ ಚಪ್ಪರಿಸುತ್ತ ಕಾದಿತ್ತು.

"ಹುಣ್ಣಿಮೆಯೊಳಗೆ ಬೆಕ್ಕು ನಡುವೆ ಬಂದು ಕೂರಬೇಕು. ಇಲ್ಲವಾದರೆ ಏರಿ ದಾಟಿ ಹೋಗಲಿ" ಎಂದ ಗಡವಜ್ಜ.

ಸೋಮಿಗೆ ಅವಸರವಾಯಿತು. ಪೊಟರೆಗೆ ಕೈ ಹಾಕಿ, ಬೂದಿಯನ್ನು ಎಳೆದು ತಬ್ಬಿಕೊಂಡು ಹೇನು ಹೆಕ್ಕಲು ಶುರುಮಾಡಿದಳು. ಅವಳ ಮಟ್ಟಿಗೆ ಅದೇ ಪ್ರೀತಿ. ಬೂದಿಗೆ ಮಾತ್ರ ಅದು ತನ್ನನ್ನು ಚೀಲಕ್ಕೆ ತುಂಬಿದ ಕೈಯಂತೆಯೇ ಕಂಡಿತು. ಪರಕ್ಕನೆ ಪರಚಿ ಒಳಗೆ ಓಡಿತು.

ಉಳಿಸಿದವಳನ್ನೇ ಪರಚಿತಲ್ಲ ಎಂದು ಅಕ್ಕಪಕ್ಕದವರು ಆಡಿಕೊಂಡರು. ಸೋಮಿಗೂ ಸಿಟ್ಟು ಬಂತು, ಅಳುವೂ ಬಂತು. ಆಮೇಲೆ ಗಾಯ ನೆಕ್ಕುತ್ತ ಕೂತಾಗ, ನಾನಾದರೂ ಕೇಳಿ ಮುಟ್ಟಿದೆನೇ ಎಂದು ಅವಳಿಗೇ ಅನಿಸಿತು.

ಮರುದಿನ ಅವಳು ಪೊಟರೆಗೆ ಬೆನ್ನು ಹಾಕಿ ಕೂತು ಹುಣಸೆ ಚಿಗುರು ತಿನ್ನತೊಡಗಿದಳು. ನೊಣ ಓಡಿಸಲು ಬಾಲ ಅತ್ತಿತ್ತ ಆಡುತ್ತಿತ್ತು. ಪೊಟರೆಯಿಂದ ಒಂದು ಪಂಜ ಹೊರಬಂದು ಬಾಲದ ತುದಿಯನ್ನು ತಟ್ಟಿತು. ಸೋಮಿ ತಿರುಗಿ ನೋಡಲಿಲ್ಲ, ಬಾಲವನ್ನು ಮೆಲ್ಲಗೆ ಸರಿಸಿದಳು. ಪಂಜ ಎರಡಾದವು. ಆಟ ಶುರುವಾಯಿತು!

ಹೀಗೆ ಆಡುತ್ತ ಆಡುತ್ತ ಒಂದು ದಿನ ಬೂದಿ ತಾನಾಗಿ ಬಂದು ಅವಳ ಮಂಡಿಗೆ ತಲೆ ಉಜ್ಜಿತು. ಸೋಮಿ ಒಂದೇ ಬೆರಳು ಚಾಚಿ ಗದ್ದದ ಕೆಳಗೆ ಕೆರೆದಳು. ಬೂದಿ ಮುಖ ತಿರುಗಿಸಿದ ಕೂಡಲೇ ಬೆರಳು ಹಿಂದಕ್ಕೆ ಸರಿಯಿತು. ಬೇಡವೆಂದರೆ ಹಿಂದೆ ಸರಿಯುವ ಕೈಯನ್ನು ಬೂದಿ ಅಲ್ಲಿಯವರೆಗೆ ಕಂಡಿರಲಿಲ್ಲ. ಅದು ಮತ್ತೆ ಗದ್ದ ಚಾಚಿತು.

ಅಷ್ಟರಲ್ಲಿ ಹುಣ್ಣಿಮೆ ಬಂದೇಬಿಟ್ಟಿತು. ಸಂಜೆ ಎಲ್ಲರೂ ಸುತ್ತ ಕೂತರು. ಇನ್ನು ಸ್ವಲ್ಪ ದಿನ ಕೊಡಿ ಎಂದು ಸೋಮಿ ಎಷ್ಟು ಬೇಡಿಕೊಂಡರೂ ಗಡವಜ್ಜ ಕೇಳಲಿಲ್ಲ. ತನ್ನನ್ನು ಕಾಯಿಸುವವರು ಇನ್ನೂ ಹುಟ್ಟಿಲ್ಲ ಎನ್ನುತ್ತ ತಾನೇ ಮರ ಹತ್ತಿ, ಬೂದಿಯ ಕುತ್ತಿಗೆ ಹಿಡಿದು ತಂದು ನಡುವೆ ಅದುಮಿ ಕೂರಿಸಿದ. ಮರುಕ್ಷಣ ಅವನ ಮೂಗಿನ ಮೇಲೆ ಉಗುರಿನ ಗೆರೆಗಳು! ಬೂದಿ ಮತ್ತೆ ಮರದ ಮೇಲೆ.

"ಆಚೆ ಹಾಕಿ ಅದನ್ನು" ಎಂದು ಗಡವಜ್ಜ ಅಬ್ಬರಿಸಿದ.

ಸೋಮಿ ಎದ್ದು ನಿಂತಳು.

"ಅದು ಹೋದರೆ ನಾನೂ ಹೋಗುತ್ತೇನೆ, ಅಜ್ಜ. ಕುತ್ತಿಗೆ ಹಿಡಿದು ಕೂರಿಸುವುದು ನಮ್ಮ ಪದ್ಧತಿಯಲ್ಲ, ಚೀಲ ಕಟ್ಟುವವರ ಪದ್ಧತಿ."

ಗಡವಜ್ಜನಿಗೆ ಯಾರೂ ಎದುರು ಮಾತಾಡಿದ್ದೇ ಇರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಸೋಮಿ ನಡುವೆ ಹೋಗಿ, ಮರಕ್ಕೆ ಬೆನ್ನು ಹಾಕಿ ಕೂತು, ಬಾಲವನ್ನು ನೆಲದ ಮೇಲೆ ಚಾಚಿದಳು. ಬೂದಿಯನ್ನು ಕರೆಯಲಿಲ್ಲ.

ಬೂದಿ ಇಳಿದು ಬಂತು. ಬಾಲವನ್ನು ಒಮ್ಮೆ ತಟ್ಟಿತು. ಆಮೇಲೆ ಅಷ್ಟೂ ಜನರ ಎದುರೇ ಅವಳ ಮಡಿಲು ಹತ್ತಿ, ಬೆರಳಿಗೆ ಗದ್ದ ಒತ್ತಿ ಗುರುಗುರು ಎನ್ನತೊಡಗಿತು.

"ನಡುವೆ ಬಂದು ಕೂತಿದೆ, ನೋಡಿಕೊಳ್ಳಿ" ಎಂದಳು ಸೋಮಿ. "ಇನ್ನು ಯಾರಿಗೆ ಅದರ ಸ್ನೇಹ ಬೇಕೋ ಅವರು ಬೆನ್ನು ತಿರುಗಿಸಿ ಬಾಲ ಚಾಚಲಿ."

ಮೊದಲು ಒಂದು ಪುಟ್ಟ ಮರಿ ತಿರುಗಿ ಕೂತಿತು, ಆಮೇಲೆ ಅದರ ತಾಯಿ, ಆಮೇಲೆ ಎಲ್ಲರೂ. ಕೊನೆಗೆ ಗಡವಜ್ಜನೂ ಚಂದ್ರನನ್ನು ನೋಡುವವನಂತೆ ತಿರುಗಿ, ಬಾಲವನ್ನು ಮೆಲ್ಲಗೆ ಚಾಚಿದ. ಬೂದಿ ಅದನ್ನು ಮೂಸಿತು, ದಾಟಿ ಪಕ್ಕದ ಬಾಲಕ್ಕೆ ಹೋಯಿತು.

"ನನ್ನದನ್ನು ಯಾಕೆ ಮುಟ್ಟಲಿಲ್ಲ?"

"ನಿಮ್ಮ ಸರದಿ ಇನ್ನೂ ಬಂದಿಲ್ಲ, ಅಜ್ಜ. ಕಾಯಿರಿ."

ಗಡವಜ್ಜ ಕೆಮ್ಮಿದ. ಯಾರೂ ಏಳಲಿಲ್ಲ. ಅವನು ಬಾಲ ಚಾಚಿಕೊಂಡೇ ಕೂತು ಕಾದ.

ನೀತಿ: ನಂಬಿಕೆಯನ್ನು ಬಲವಂತದಿಂದ ಪಡೆಯಲಾಗದು; ಅದು ತಾನಾಗಿ ಹತ್ತಿರ ಬರುವವರೆಗೆ ಕೈ ಕಟ್ಟಿ ಕಾಯಬೇಕು, ಯಜಮಾನನಾದರೂ ಸರಿಯೇ.